ಬಣ್ಣವೊಂದೇ ಹಣ್ಣಲ್ಲ

ಕಾಯಿ ಯಾವುದು, ಹಣ್ಣು ಯಾವುದು ಎಂಬುದನ್ನು ಕಾಫಿ, ಅಡಿಕೆ ಬೆಳೆಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪಡಿಕೆಗೆ ಹಸಿರು ಗೊನೆ, ಚಾಲಿಗೆ ಹಣ್ಣಡಿಕೆ, ಪಾರ್ಚ್‌ಮೆಂಟಿಗೆ ಕೆಂಪಾದ ಕಾಫಿ ಹಣ್ಣು. ಈ ಲೆಕ್ಕ ತಪ್ಪಿದರೆ ದರದಲ್ಲಿ ಪೆಟ್ಟು ಬೀಳುತ್ತದೆ. ಆದರೆ ಅದೇ ತೋಟದ ಬಾಳೆ, ಮಾವು, ಚಿಕ್ಕುಗಳ ವಿಷಯದಲ್ಲಿ ಈ ಶಿಸ್ತನ್ನು ನಮ್ಮಲ್ಲಿ ಅನೇಕರು ಪಾಲಿಸುತ್ತಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ.

ಗಜೇಂದ್ರಗಡ ತಾಲ್ಲೂಕಿನ ರಾಜೂರದಂತಹ ಒಣ ಬೇಸಾಯದ ಊರಿನ ಗಿರಾಕಿಯನ್ನು ನೆನೆಯೋಣ. ದೂರದ ತೋಟದ ಮಾವು ಅವನ ಕೈಸೇರುವಾಗ ಹಳದಿಯಾಗಿರುತ್ತದೆ. ಮನೆಗೆ ಒಯ್ದು ಕೊಯ್ದರೆ ಒಳಗೆ ಬಿಳುಪು, ಬಾಯಿಗಿಟ್ಟರೆ ಹುಳಿ. ಮಕ್ಕಳಿಗೆಂದು ತಂದದ್ದು ದನದ ಪಾಲಾಗುತ್ತದೆ. ಎಳೆಗಾಯಿ ಕಿತ್ತು ಕಾರ್ಬೈಡ್ ಪುಡಿಯಿಂದ ಬಣ್ಣ ಬರಿಸಿದರೆ ಆಗುವುದೇ ಇದು. ಆ ಪುಡಿಯಲ್ಲಿ ಆರ್ಸೆನಿಕ್, ರಂಜಕಗಳ ಅಂಶ ಬೆರೆತಿರುವುದುಂಟು. 2011ರ ಆಹಾರ ಸುರಕ್ಷತಾ ನಿಯಮಾವಳಿ ಅದರಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು ನಿಷೇಧಿಸಿದೆ. ಎಥಿಲೀನ್ ಅನಿಲಕ್ಕೆ ಮಾತ್ರ ದಶಲಕ್ಷಕ್ಕೆ 100 ಭಾಗದವರೆಗೆ ಅನುಮತಿಯಿದೆ.

ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಬಲಿತ ಮಾವನ್ನು ಹುಲ್ಲಿನಲ್ಲಿ ಅಡೆ ಹಾಕಿದರೆ ತಾನಾಗಿ ಹಣ್ಣಾಗುತ್ತದೆ; ಬಲಿಯದ ಕಾಯಿಗೆ ಯಾವ ಅನಿಲವೂ ಸಿಹಿ ತುಂಬಲಾರದು. ತೊಟ್ಟಿನ ಬಳಿ ಹೆಗಲು ಉಬ್ಬಿದ, ನೀರಿಗೆ ಹಾಕಿದರೆ ಮುಳುಗುವ ಮಾವು ಬಲಿತದ್ದು. ಉಗುರಿನಿಂದ ಗೀರಿದಾಗ ಹಸಿರು ಕಾಣದ ಚಿಕ್ಕು ಬಲಿತದ್ದು. ಕಣ್ಣುಗಳ ನಡುವಿನ ಸಂದು ಅಗಲವಾಗಿ ತಿಳಿಹಳದಿಗೆ ತಿರುಗಿದ ಸೀತಾಫಲ ಬಲಿತದ್ದು. ದಾಳಿಂಬೆ, ದ್ರಾಕ್ಷಿ, ಕಿತ್ತಳೆಗಳಿಗಂತೂ ಅಡೆಯ ಉಪಾಯವೂ ಇಲ್ಲ. ಗಿಡದ ಮೇಲೆಯೇ ಮಾಗಬೇಕು.

ಮೊದಲ ಪೇಟೆಗೆ ಹೆಚ್ಚು ದರ, ಕಾದರೆ ಮಂಗ, ಬಾವಲಿಗಳ ಕಾಟ, ಗುತ್ತಿಗೆದಾರನ ಅವಸರ ಎಂಬ ಮಾತು ಸುಳ್ಳಲ್ಲ. ಆದರೆ ಕಾಫಿಯನ್ನು ಎರಡು ಮೂರು ಸುತ್ತು ಬಿಡಿಸುವ ನಮಗೆ ಮಾವನ್ನು ಎರಡು ಸುತ್ತಿನಲ್ಲಿ ಇಳಿಸುವುದು ಹೊಸ ವಿದ್ಯೆಯೇನಲ್ಲ. ಗುತ್ತಿಗೆ ಕೊಡುವಾಗ ಎಳೆಗಾಯಿ ಕೀಳಬಾರದು, ಕಾರ್ಬೈಡ್ ಬಳಸಬಾರದು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸುವುದೂ ನಮ್ಮ ಕೈಯಲ್ಲೇ ಇದೆ.

ಕಾಫಿ ಕೊಳ್ಳುವವನು ಬೀಜವನ್ನು ಪರೀಕ್ಷಿಸಿಯೇ ಹಣ ಕೊಡುತ್ತಾನೆ. ರಾಜೂರದ ಗಿರಾಕಿ ಹಣ ಕೊಟ್ಟ ಮೇಲೆ ಕೊಯ್ದು ನೋಡುತ್ತಾನೆ. ಆದ್ದರಿಂದ ಅವನ ಪರವಾಗಿ ಪರೀಕ್ಷೆ ಮಾಡುವ ಹೊಣೆ ಮರದ ಬುಡದಲ್ಲಿ ನಿಂತ ನಮ್ಮದೇ ಆಗಿದೆ. ಸದಸ್ಯ ಬಾಂಧವರು ಬರುವ ಹಂಗಾಮಿನಿಂದಲೇ ಇದನ್ನು ಆಚರಣೆಗೆ ತರಬೇಕು.