ಮೈಲಿಗೆಗೆ ಹೆದರಿದ ಮಿಲಿಟರಿ

ಜನರ ಎದೆಗೆ ಗುಂಡಿಡಲು ಹಿಂಜರಿಯದ ಸಿಪಾಯಿ, ಹಗ್ಗಕ್ಕೆ ನೇತುಹಾಕಿದ ಹೆಂಗಸರ ಲುಂಗಿ ಕಂಡು ಗಕ್ಕನೆ ನಿಂತುಬಿಟ್ಟ! ನಗಬೇಡಿ. 2021ರ ಮಾರ್ಚ್‌ನಲ್ಲಿ ಬರ್ಮಾದ, ಅಂದರೆ ಮ್ಯಾನ್ಮಾರಿನ, ಬೀದಿಗಳಲ್ಲಿ ನಡೆದದ್ದು ಇದು.

ಆ ವರ್ಷ ಫೆಬ್ರವರಿ 1ರಂದು ಸೇನಾಪತಿ ಮಿನ್ ಆಂಗ್ ಹ್ಲೈಂಗ್, ಜನ ಓಟು ಕೊಟ್ಟು ಗೆಲ್ಲಿಸಿದವರನ್ನು ಬಂಧಿಸಿ ದೇಶವನ್ನೇ ಬೂಟುಗಾಲಿನ ಕೆಳಗೆ ಹಾಕಿಕೊಂಡ. ಮಾರನೇ ರಾತ್ರಿಯೇ ರಂಗೂನಿನ ಮನೆಮನೆಯಿಂದ ತಟ್ಟೆ, ಪಾತ್ರೆ ಬಡಿಯುವ ಸದ್ದು. ದೆವ್ವ ಓಡಿಸೋಕೆ ಅಲ್ಲಿನವರು ಹಾಗೆ ಬಡೀತಾರೆ. ನರ್ಸುಗಳು, ಟೀಚರುಗಳು ಸರ್ಕಾರಿ ಕೆಲಸ ಬಿಟ್ಟು ಹೊರಗೆ ಬಂದರು. ಫೆಬ್ರವರಿ 6ಕ್ಕೆ ರಂಗೂನಿನ ಬೀದಿಗಿಳಿದ ಮೊದಲ ದೊಡ್ಡ ಮೆರವಣಿಗೆಗಳ ಮುಂದೆ ಇದ್ದವರು ಯಾರು? ಹ್ಲೈಂಗ್ ತಾಯಾ ಎಂಬ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ ಹೆಣ್ಣುಮಕ್ಕಳು. ಹೊಟ್ಟೆಪಾಡಿಗೆ ಹಳ್ಳಿ ಬಿಟ್ಟು ಬಂದು, ದೊಡ್ಡ ದೊಡ್ಡ ದೇಶಗಳ ಜನ ತೊಡುವ ಅಂಗಿ ಹೊಲಿಯುವವರು. ಮೊ ಸಾಂಡರ್ ಮಿಂಟ್ ಎಂಬ ಯೂನಿಯನ್ ನಾಯಕಿ ಅವರ ಜೊತೆಗಿದ್ದರು. ಅವರೂ ಹೊಲಿಗೆ ಮಿಷಿನ್ ಮುಂದೆ ಕೂತು ಬೆನ್ನು ಬಗ್ಗಿಸಿದವರೇ.

ಈಗ ಲುಂಗಿಯ ವಿಷಯ. ಅಲ್ಲಿ ಹೆಂಗಸರು ಉಡುವ ಲುಂಗಿಗೆ ತಮೇಯ್ನ್ ಅನ್ನುತ್ತಾರೆ. ಗಂಡಸಿಗೆ ಹುಟ್ಟಿನಿಂದಲೇ ‘ಹ್ಪೌನ್’ ಎಂಬ ಮಹಿಮೆ ಇರುತ್ತದಂತೆ. ಹೆಣ್ಣು ಉಟ್ಟ ಲುಂಗಿಯ ಕೆಳಗೆ ಅವನು ತಲೆ ತೂರಿಸಿದರೆ ಆ ಮಹಿಮೆ ಕರಗಿ ಹೋಗುತ್ತದಂತೆ! ಅದಕ್ಕೇ ಗಂಡಸರು ಓಡಾಡುವ ಕಡೆ, ತಲೆಗಿಂತ ಎತ್ತರದಲ್ಲಿ ಅದನ್ನು ಒಣಹಾಕುವ ಹಾಗಿಲ್ಲ.

ಈ ಮಾತು ನಮಗೆ ಹೊಸದೇನ್ರಪ್ಪಾ? ನಮ್ಮ ನೆರಳು ಬಿದ್ದರೆ ಕೆಡುವ ಅನ್ನ, ನಾವು ಮುಟ್ಟಿದರೆ ಕೆಡುವ ನೀರು, ನಾವು ಒಳಗೆ ಬಂದರೆ ಓಡಿಹೋಗುವ ದೇವರು. ಇಷ್ಟು ಪುಕ್ಕಲು ಮಹಿಮೆಯನ್ನು ಕಾಯೋಕೆ ಎಷ್ಟು ಶಾಸ್ತ್ರ, ಎಷ್ಟು ದೊಣ್ಣೆ!

ಬರ್ಮಾದ ಹೆಂಗಸರು ಆ ಮೈಲಿಗೆಯನ್ನೇ ತೆಗೆದು ಬೀದಿಗೆ ಅಡ್ಡ ಕಟ್ಟಿದರು. ಈ ಕಂಬದಿಂದ ಆ ಕಂಬಕ್ಕೆ ಹಗ್ಗ, ಹಗ್ಗದ ತುಂಬ ಲುಂಗಿ. ಕೋವಿ ಹಿಡಿದು ಬಂದ ಶೂರರು ಟ್ರಕ್ಕಿನ ಮೇಲೆ ಹತ್ತಿ ನಿಂತು ಒಂದೊಂದೇ ಲುಂಗಿ ಇಳಿಸಬೇಕಾಯಿತು. ಅಷ್ಟು ಹೊತ್ತಿನಲ್ಲಿ ಒಳಗಿನ ಹುಡುಗರು ತಪ್ಪಿಸಿಕೊಂಡರು. ಮಾರ್ಚ್ 8ಕ್ಕೆ ಅದೇ ಲುಂಗಿ ಬಾವುಟವಾಗಿ ಹಾರಿತು.

ಕೆಲವು ಬುದ್ಧಿವಂತರ ತಕರಾರು: ಇದು ಮೂಢನಂಬಿಕೆಗೆ ಗೊಬ್ಬರ ಹಾಕಿದಂತಲ್ಲವೇ ಅಂತ. ಅಲ್ಲ ಸ್ವಾಮೀ! ನಂಬಿದ್ದವನು ಸಿಪಾಯಿ, ಕಟ್ಟಿದವಳು ಅವನ ನಂಬಿಕೆಯನ್ನೇ ಅವನ ಕಾಲಿಗೆ ತೊಡಕು ಹಾಕಿದಳು. ಇನ್ನೂ ಒಂದಿದೆ. ಆ ಹಗ್ಗದ ಕೆಳಗೆ ಹಾಯಬೇಕಾದವರು ಮಿಲಿಟರಿಯವರು ಮಾತ್ರವಲ್ಲ, ಚಳವಳಿಯ ಗಂಡಸರೂ ಕೂಡ. ಅವರಲ್ಲಿ ಎಷ್ಟೋ ಹುಡುಗರು ಲುಂಗಿಯನ್ನು ತಲೆಗೇ ಸುತ್ತಿಕೊಂಡು ಬಂದರು. ಜನರಲ್‌ನ ವಿರುದ್ಧದ ಹೋರಾಟ ಅಲ್ಲಿಗೆ ಮನೆಯೊಳಗಿನ ಗಂಡಸಿನ ಮಹಿಮೆಗೂ ತಗುಲಿತು. ನನಗೆ ಇದೇ ದೊಡ್ಡದು ಅನ್ನಿಸುತ್ತದೆ.

ಆದರೆ ಲೋಕ ಹಾರ ಹಾಕೋದು ಯಾರಿಗೆ? ಒಂದೇ ಒಂದು ಮುಖಕ್ಕೆ. ವರ್ಷಗಟ್ಟಲೆ ಗೃಹಬಂಧನದಲ್ಲಿದ್ದ ಆಂಗ್ ಸಾನ್ ಸೂ ಕಿಗೆ 1991ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು. ಆಕೆ ಪಟ್ಟ ಕಷ್ಟ ಸುಳ್ಳಲ್ಲ. ಆದರೆ 2017ರಲ್ಲಿ ಇದೇ ಸೈನ್ಯ ರೊಹಿಂಗ್ಯಾ ಊರುಗಳನ್ನು ಸುಟ್ಟು, ಅಲ್ಲಿನ ಹೆಂಗಸರನ್ನು ಕೆಡಿಸಿ, ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಬಾಂಗ್ಲಾದೇಶಕ್ಕೆ ಓಡಿಸಿತು. 2019ರಲ್ಲಿ ಹೇಗ್ ನ್ಯಾಯಾಲಯದಲ್ಲಿ ದೇಶದ ಪರ ನಿಂತು, ನರಮೇಧ ಅನ್ನೋ ಆರೋಪ ಸರಿಯಲ್ಲ ಎಂದು ವಾದಿಸಿದ್ದು ಇದೇ ಸೂ ಕಿ. ಅದೇ ಸೈನ್ಯ 2021ರಲ್ಲಿ ಆಕೆಯನ್ನೂ ಜೈಲಿಗೆ ಹಾಕಿತು. ಒಬ್ಬರನ್ನು ದೇವಿ ಮಾಡಿ ಕೂರಿಸಿದರೆ ಆ ದೇವಿ ಯಾವ ಕಡೆಗೆ ವರ ಕೊಡುತ್ತಾಳೋ ಯಾರಿಗೆ ಗೊತ್ತು?

ಸತ್ತವರು ದೇವಿಯರಲ್ಲ. ಮ್ಯಾ ತ್ವೆ ತ್ವೆ ಖೈಂಗ್ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಫೆಬ್ರವರಿ 9ಕ್ಕೆ ತಲೆಗೆ ಗುಂಡು ಬಿತ್ತು, ಆಸ್ಪತ್ರೆಯಲ್ಲೇ ಇಪ್ಪತ್ತು ತುಂಬಿತು, 19ಕ್ಕೆ ಸತ್ತಳು. ಮಾರ್ಚ್ 3ಕ್ಕೆ ಮಂಡಾಲೆಯಲ್ಲಿ 19 ವರ್ಷದ ಚಾಲ್ ಸಿನ್. ಅವಳ ಹೆಣವನ್ನೂ ಬಿಡಲಿಲ್ಲ, ಗೋರಿ ಅಗೆದು ತೆಗೆದು, ಮತ್ತೆ ಮುಚ್ಚಿ ಸಿಮೆಂಟ್ ಸುರಿದರು. ಮಾರ್ಚ್ 14ಕ್ಕೆ ಹ್ಲೈಂಗ್ ತಾಯಾದಲ್ಲೇ 60ಕ್ಕೂ ಹೆಚ್ಚು ಜನರನ್ನು ಕೊಂದರು. ಹೊಲಿಯುವ ಕೈಗಳ ಮೇಲೆ ಸರ್ವಾಧಿಕಾರಿಗೆ ಎಷ್ಟು ಸಿಟ್ಟಿತ್ತು ನೋಡಿ.

ಇದನ್ನು ಓದಿ ‘ಅಬ್ಬಾ, ಎಂಥಾ ಧೀರೆಯರು’ ಅನ್ನುವ ಅಣ್ಣಂದಿರಿಗೆ ಒಂದು ಮಾತು. ಊರ ಬಾವಿಗೆ ಬಿಡದವರ ಮೇಲೆ ಗುಡುಗುವ ನೀವು, ಮುಟ್ಟಾದ ಹೆಂಡತಿಯನ್ನು ಮೂಲೆಗೆ ಕೂರಿಸುತ್ತೀರಲ್ಲ? ನಮ್ಮ ಸಭೆಗಳಲ್ಲಿ ಅಕ್ಕಂದಿರು ಇನ್ನೂ ಯಾಕೆ ಜಮಖಾನದ ಹಿಂದಿನ ತುದಿಯಲ್ಲೇ ಇದ್ದಾರೆ, ಊಟದ ಪಾತ್ರೆಯ ಹತ್ತಿರ?

ಮುಂದಿನ ಮಾರ್ಚ್ 8ಕ್ಕೆ ಹಾರ, ಶಾಲು ತರಬೇಡಿ. ವೇದಿಕೆಗೆ ಹತ್ತುವ ದಾರಿಯಲ್ಲಿ ಹಗ್ಗ ಕಟ್ಟುತ್ತೇವೆ, ನಾವು ಉಟ್ಟು ಒಗೆದ ಸೀರೆ, ಲಂಗ ಹರವುತ್ತೇವೆ. ಭಾಷಣ ಮಾಡುವ ಅಣ್ಣಂದಿರು ಅದರ ಕೆಳಗೆ ಹಾದು ಬರಲಿ. ಬರುವವರು ಈಗಲೇ ಹೆಸರು ಕೊಡಿ.