ಬಾಡಿಗೆ ಮನೆ: ಏರಿಯಾ ಆಮೇಲೆ, ಲೆಕ್ಕ ಮೊದಲು

ಸಾಂಟಾ ಕ್ಲಾರಾ ಸುತ್ತಮುತ್ತಲಿನ ಕನ್ನಡ ಕುಟುಂಬಗಳಲ್ಲಿ ವಾಸದ ಮನೆಯ ಸಾಲ ಹತೋಟಿಗೆ ಬಂತೆಂದರೆ ಮುಂದಿನ ಮಾತು ಬಾಡಿಗೆ ಮನೆಯದು. ಇಲ್ಲೇ ಕೊಳ್ಳುವುದೋ, ಸ್ಯಾನ್ ಹೋಸೆಯ ಪೂರ್ವ ಭಾಗದಲ್ಲೋ, ಗುಡ್ಡ ದಾಟಿ ಮೌಂಟನ್ ಹೌಸ್‌ನಲ್ಲೋ? ಏರಿಯಾದ ಚರ್ಚೆಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಬರುವ ಬಾಡಿಗೆ ಆ ಮನೆಯನ್ನು ಸಾಕುತ್ತದೆಯೇ?

2024ರ ಎರಡನೇ ತ್ರೈಮಾಸಿಕದಲ್ಲಿ ಸ್ಯಾನ್ ಹೋಸೆ-ಸಾಂಟಾ ಕ್ಲಾರಾ ಮಹಾನಗರ ವಲಯದ ಮನೆಗಳ ಮಧ್ಯಮ ಬೆಲೆ 20 ಲಕ್ಷ ಡಾಲರ್ ದಾಟಿತು. ಅಮೆರಿಕದ ಬೇರಾವ ನಗರ ವಲಯವೂ ಅದಕ್ಕೆ ಮೊದಲು ಆ ಗಡಿ ಮುಟ್ಟಿರಲಿಲ್ಲ. ಅಂಥ ಮನೆಗೆ 5 ಲಕ್ಷ ಕೈಯಿಂದ ಹಾಕಿ, ಉಳಿದ 15 ಲಕ್ಷಕ್ಕೆ ಶೇ 7ರ ಬಡ್ಡಿಯಲ್ಲಿ 30 ವರ್ಷದ ಸಾಲ ತಂದರೆ ತಿಂಗಳ ಕಂತೇ ಸುಮಾರು 10,000 ಡಾಲರ್. ಆಸ್ತಿ ತೆರಿಗೆ ಹತ್ತಿರಹತ್ತಿರ 2,000. ವಿಮೆ, ರಿಪೇರಿ ಬೇರೆ. ಬಾಡಿಗೆ 5,500 ಬಂತೆಂದು ಇಟ್ಟುಕೊಂಡರೂ ತಿಂಗಳಿಗೆ 6,500 ಡಾಲರ್ ಸಂಬಳದಿಂದ ಕಟ್ಟಬೇಕು. ನಷ್ಟವನ್ನು ಟ್ಯಾಕ್ಸಿನಲ್ಲಿ ತೋರಿಸಿದರಾಯಿತು ಎಂಬ ಸಮಾಧಾನಕ್ಕೂ ಆಧಾರವಿಲ್ಲ. 1986ರ ತೆರಿಗೆ ಸುಧಾರಣೆಯ ನಂತರ, ವಾರ್ಷಿಕ ಆದಾಯ 1.5 ಲಕ್ಷ ಡಾಲರ್ ಮೀರಿದ, ರಿಯಲ್ ಎಸ್ಟೇಟನ್ನೇ ವೃತ್ತಿಯಾಗಿಸಿಕೊಳ್ಳದವರು ಬಾಡಿಗೆಯ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ಮುಂದಿನ ವರ್ಷಗಳಿಗೆ ಹೊತ್ತೊಯ್ಯಬೇಕು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗಳು ಬಹುತೇಕ ಈ ಮಿತಿಯ ಆಚೆಗಿವೆ.

ಅಂದರೆ ಇಲ್ಲಿ ಕೊಳ್ಳುತ್ತಿರುವುದು ಬಾಡಿಗೆಯನ್ನಲ್ಲ, ಬೆಲೆ ಏರುತ್ತದೆಂಬ ನಂಬಿಕೆಯನ್ನು. ಆ ಏರಿಕೆಯ ಬೇರು ಮನೆಗಳ ಅಭಾವದಲ್ಲಿದೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ಪ್ರಾಪೊಸಿಷನ್ 13 ಆಸ್ತಿ ತೆರಿಗೆಯ ಮೂಲ ದರವನ್ನು ಕೊಂಡಾಗಿನ ಬೆಲೆಯ ಶೇ 1ಕ್ಕೆ ಕಟ್ಟಿಹಾಕಿತು. ತೆರಿಗೆ ಲೆಕ್ಕದ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಹಳಬರು ಮಾರುವುದಿಲ್ಲ, ಹೊಸಬರಿಗೆ ಸಿಗುವುದಿಲ್ಲ. ನಾವು ಕೊಳ್ಳುವ ಎರಡನೇ ಮನೆ, ಈಗಷ್ಟೇ ಬಂದಿಳಿದ ಇನ್ನೊಂದು ಕುಟುಂಬದ ಮೊದಲ ಮನೆ ಆಗಬಹುದಿತ್ತು. ಇದನ್ನು ನಾವು ಮನೆಯ ಮಾತುಕತೆಯಲ್ಲಿ ಎತ್ತುವುದೇ ಇಲ್ಲ.

ಏರಿಯಾದ ವಿಚಾರದಲ್ಲೂ ನಮ್ಮ ಗಮನ ಶಾಲೆಯ ಅಂಕಗಳಾಚೆ ಹೋಗುವುದು ಕಡಿಮೆ. ಸಾಂಟಾ ಕ್ಲಾರಾದ ಪಶ್ಚಿಮದ ಕೆಲವು ಬೀದಿಗಳು ಕುಪರ್ಟಿನೊ ಶಾಲಾ ಜಿಲ್ಲೆಗೆ ಸೇರಿವೆ, ಆ ಗೆರೆ ಬೆಲೆಯಲ್ಲಿ ಎದ್ದು ಕಾಣುತ್ತದೆ. ಆದರೆ ಬಾಡಿಗೆದಾರನಿಗೆ ಮಹತ್ವದ್ದು ಬೇರೆಯೂ ಇದೆ. ಸಾಂಟಾ ಕ್ಲಾರಾ ನಗರಕ್ಕೆ 1896ರಿಂದಲೂ ಸ್ವಂತ ವಿದ್ಯುತ್ ಸಂಸ್ಥೆಯಿದೆ. ಅದರ ದರ ನೆರೆಯೂರುಗಳಿಗೆ ವಿದ್ಯುತ್ ಕೊಡುವ ಪಿಜಿ ಅಂಡ್ ಇ ಕಂಪನಿಯ ದರಕ್ಕಿಂತ ಬಹಳ ಕಡಿಮೆ. ಕಾನೂನೂ ಊರಿಂದೂರಿಗೆ ಬದಲಾಗುತ್ತದೆ. ಸ್ಯಾನ್ ಹೋಸೆಯಲ್ಲಿ 1979ರ ಸೆಪ್ಟೆಂಬರಿಗೆ ಮುಂಚಿನ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಲ್ಲಿ ಬಾಡಿಗೆ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮೌಂಟನ್ ವ್ಯೂನಲ್ಲಿ 2016ರಲ್ಲಿ ಮತದಾರರೇ ಬಾಡಿಗೆ ನಿಯಂತ್ರಣ ತಂದರು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರು ಗಮನಿಸಬೇಕು: 2024ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಅಡ್ವಾನ್ಸ್ ಒಂದೇ ತಿಂಗಳದು, ಸಣ್ಣ ಮಾಲೀಕರಿಗೆ ಹೆಚ್ಚೆಂದರೆ ಎರಡು.

ಮೌಂಟನ್ ಹೌಸ್ ಅಗ್ಗ ಎಂಬ ಮಾತಿಗೂ ಒಂದು ಚರಿತ್ರೆಯಿದೆ. 2008ರಲ್ಲಿ ಅಲ್ಲಿನ ಸುಮಾರು ಶೇ 90ರಷ್ಟು ಮನೆಮಾಲೀಕರ ಸಾಲ ಅವರ ಮನೆಯ ಬೆಲೆಯನ್ನೇ ಮೀರಿತ್ತು. ದೇಶದಲ್ಲೇ ಅತ್ಯಂತ ಕೆಟ್ಟ ಸ್ಥಿತಿ ಎಂದು ಆ ಊರು ಸುದ್ದಿಯಾಯಿತು. ಅದೇ ಊರು 2024ರ ಜುಲೈನಲ್ಲಿ ನಗರವಾಯಿತು, ಚೇತರಿಸಿಕೊಂಡಿದೆ, ನಿಜ. ಆದರೆ ಅಲ್ಲಿ ಬಾಡಿಗೆಗಿರುವ ಬಹಳ ಜನ ಆಲ್ಟಮಾಂಟ್ ಕಣಿವೆ ದಾರಿ ಹಿಡಿದು ಕೆಲಸಕ್ಕೆ ಬರುವುದು ಈ ಕಡೆಗೇ. ನಮ್ಮ ಸಂಬಳ, ಕಂಪನಿಯ ಷೇರು, ವಾಸದ ಮನೆ, ಈಗ ಬಾಡಿಗೆದಾರನ ಸಂಬಳ, ಎಲ್ಲವೂ ಒಂದೇ ಉದ್ಯಮಕ್ಕೆ ಜೋತುಬಿದ್ದಂತಾಯಿತು. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವ ಕಾಲಾವಕಾಶ 60 ದಿನ. ಅಷ್ಟರಲ್ಲಿ ಮನೆ ಮಾರಾಟವಾಗುವುದಿಲ್ಲ.

ಇನ್ನು ಬಾಡಿಗೆಗೆ ಯಾರು? ನಮ್ಮವರಿಗೆ ಮಾತ್ರ ಎನ್ನುವುದು ಇಲ್ಲಿ ಕಾನೂನುಬಾಹಿರ, ಇರಬೇಕಾದ್ದೂ ಹಾಗೆಯೇ. ಇಂಥ ತಾರತಮ್ಯವನ್ನು ನಮ್ಮವರೂ ಉಂಡಿದ್ದಾರೆ: 1913ರ ವಿದೇಶೀಯರ ಭೂಕಾಯಿದೆ, ಭಾರತೀಯರಿಗೆ ನಾಗರಿಕತ್ವ ನಿರಾಕರಿಸಿದ 1923ರ ಭಗತ್ ಸಿಂಗ್ ತಿಂಡ್ ತೀರ್ಪು ಎರಡೂ ಸೇರಿ ಭಾರತೀಯರು ಇದೇ ರಾಜ್ಯದಲ್ಲಿ ಕೃಷಿ ಭೂಮಿಯ ಒಡೆತನ ಹೊಂದದಂತೆ ಮಾಡಿದ್ದವು. ಭಾರತೀಯರಿಗೆ ನಾಗರಿಕತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಹಣ ಹಾಕಲೇಬೇಕು ಎನ್ನುವವರಿಗೆ ನನ್ನ ಸಲಹೆ, ಇರುವ ಮನೆಯ ಹಿತ್ತಲು ನೋಡಿ. ಬೆಂಗಳೂರು, ಮೈಸೂರುಗಳಲ್ಲಿ ಮೇಲೊಂದು ಪೋರ್ಷನ್ ಕಟ್ಟಿ ಬಾಡಿಗೆಗೆ ಕೊಡುವುದು ನಮಗೆ ಹೊಸದಲ್ಲ. ಇಲ್ಲಿ ಎಡಿಯು ಎನ್ನುವುದು ಅದನ್ನೇ. ನಿಯಮಕ್ಕೆ ಒಗ್ಗುವ ಪೂರ್ಣ ಅರ್ಜಿಯನ್ನು ನಗರಾಡಳಿತ 60 ದಿನದೊಳಗೆ ಇತ್ಯರ್ಥ ಮಾಡಬೇಕೆಂದು ರಾಜ್ಯ ಕಾನೂನಿದೆ. ಖರ್ಚು ಹೊಸ ಮನೆಯ ಬೆಲೆಯ ಒಂದು ಪಾಲು ಮಾತ್ರ. ಊರಿಗೆ ಒಂದು ಮನೆ ಹೆಚ್ಚುತ್ತದೆ, ಯಾರ ಮನೆಯೂ ಕಡಿಮೆಯಾಗುವುದಿಲ್ಲ. ತೆರಿಗೆ ಮರುಮೌಲ್ಯಮಾಪನ ಹೊಸದಾಗಿ ಕಟ್ಟಿದ ಭಾಗಕ್ಕಷ್ಟೇ. ಹಳೆಯ ಮನೆಯ ತೆರಿಗೆ ಲೆಕ್ಕ ಇದ್ದಂತೆಯೇ ಇರುತ್ತದೆ.