ಸಂಶೋಧನೆಗೆ ಹೊರಟ ಮಕ್ಕಳು

ಎಂ.ಬಿ.ಎ. ಮುಗಿಸಿ ಮಾರ್ಕೆಟಿಂಗ್ ವಿಷಯದಲ್ಲಿ ಪಿಎಚ್.ಡಿ.ಗೆ ಹೊರಟ ಮಕ್ಕಳನ್ನು ‘ಇದರಿಂದ ಕೆಲಸ ಸಿಗುವುದೇ?’ ಎಂದು ಮನೆಯವರು ಕೇಳುವುದು ಸಹಜವೇ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕೆಂದು ಯು.ಜಿ.ಸಿ. 2023ರಲ್ಲಿ ತಿಳಿಸಿತು. ಆದುದರಿಂದ ಬರಿಯ ನೌಕರಿಗಾಗಿ ಈ ದಾರಿ ಹಿಡಿಯಬೇಕಾದುದಿಲ್ಲ.

ಆರಿಸಿಕೊಳ್ಳುವ ವಿಷಯವೇ ಮುಖ್ಯವೆಂದು ನಾವು ಭಾವಿಸುತ್ತೇವೆ. ನಗರದ ನೂರು ಜನರಿಂದ ಪ್ರಶ್ನಾವಳಿ ತುಂಬಿಸಿ ಮುಗಿಸಿಬಿಡುವ ಪ್ರಬಂಧಗಳು ನಮಗೆ ರುಚಿಸವು. ನಮ್ಮ ಜಿಲ್ಲೆಯಲ್ಲಿಯೇ ಕೇಳಬೇಕಾದ ಪ್ರಶ್ನೆಗಳು ಎಷ್ಟಿಲ್ಲ! ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯುಂಟು. ಅದರಿಂದ ಬೆಳೆಗಾರನ ಕೈಗೆ ಬಂದುದೆಷ್ಟು? 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನೆಲದ ಬೆಲೆ ಏರಿರುವಾಗ ಹಣ್ಣು ಮಾರಿ ತೋಟ ಉಳಿಸಿಕೊಳ್ಳಬಹುದೇ? ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ಸೀರೆ ಬೆಂಗಳೂರಿನ ಅಂಗಡಿ ಸೇರುವ ಹೊತ್ತಿಗೆ ಯಾರಾರ ಕೈ ದಾಟಿ, ಎಲ್ಲೆಲ್ಲಿ ಬೆಲೆ ಏರಿಸಿಕೊಂಡಿರುತ್ತದೆ? ಇದನ್ನರಿಯಲು ಮಗ್ಗದ ಮನೆಗಳಲ್ಲಿ ತಿಂಗಳುಗಟ್ಟಲೆ ಕುಳಿತಿರಬೇಕು.

ಅಂಥ ಕೆಲಸಕ್ಕೆ ನಿಯಮದ ಕನಿಷ್ಠ ಅವಧಿಯಾದ 3 ವರ್ಷ ಸಾಲದು. ಜೆ.ಆರ್.ಎಫ್. ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಯಾವ ವೇತನವೂ ದೊರೆಯದವರ ಬಸ್ಸು, ಊಟ, ಪುಸ್ತಕಗಳ ಖರ್ಚು ಮನೆಯ ಮೇಲೆಯೇ ಬೀಳುವುದು. ಹೆಣ್ಣುಮಗಳಾದರಂತೂ ‘ಇನ್ನು ಓದು ಸಾಕು’ ಎನ್ನುವ ನೆಂಟರಿಷ್ಟರಿಗೆ ತಾಯಿತಂದೆಗಳೇ ಉತ್ತರ ಹೇಳಬೇಕಾದೀತು.